‘ರಾಜ್ಯಗಳ ಹಕ್ಕು’ ಎಂಬ ಗುರಾಣಿ

ಅಮೆರಿಕದ ಅಂತರ್ಯುದ್ಧ ನಡೆದದ್ದು ಗುಲಾಮಗಿರಿಗಾಗಿ ಅಲ್ಲ, ಕೇಂದ್ರದ ದಬ್ಬಾಳಿಕೆಗೆ ಎದುರಾಗಿ ರಾಜ್ಯಗಳು ತಮ್ಮ ಹಕ್ಕು ಉಳಿಸಿಕೊಳ್ಳಲು ಎಂಬ ವಾದ ಇಂದಿಗೂ ಕೇಳಿಬರುತ್ತದೆ. ಅದನ್ನು ಒರೆಗೆ ಹಚ್ಚಬೇಕಾದರೆ ಯುದ್ಧಕ್ಕೂ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 1850ರಲ್ಲಿ, ದಕ್ಷಿಣದವರ ಒತ್ತಾಯಕ್ಕೆ ಮಣಿದು, ಅಮೆರಿಕದ ಕಾಂಗ್ರೆಸ್ಸು ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಾಯ್ದೆ ಮಾಡಿತು. ಸಿಕ್ಕಿಬಿದ್ದವನಿಗೆ ಜ್ಯೂರಿ ವಿಚಾರಣೆ ಇಲ್ಲ, ತನ್ನ ಪರ ತಾನೇ ಸಾಕ್ಷಿ ಹೇಳುವಂತೆಯೂ ಇಲ್ಲ. ತೀರ್ಮಾನ ಹೇಳುವ ಕಮಿಷನರ್ ಅವನನ್ನು ಧಣಿಗೆ ಒಪ್ಪಿಸಿದರೆ 10 ಡಾಲರ್ ಶುಲ್ಕ, ಬಿಡುಗಡೆ ಮಾಡಿದರೆ 5 ಡಾಲರ್. ಒಪ್ಪಿಸುವಾಗ ಕಾಗದಪತ್ರದ ಕೆಲಸ ಜಾಸ್ತಿ ಎಂಬುದು ಇದಕ್ಕೆ ಕೊಟ್ಟ ಸಬೂಬು! 1854ರಲ್ಲಿ ಆಂಟನಿ ಬರ್ನ್ಸ್ ಎಂಬ ಒಬ್ಬನೇ ಒಬ್ಬನನ್ನು ಬೋಸ್ಟನ್ನಿನಿಂದ ವರ್ಜೀನಿಯಾಕ್ಕೆ ಸಾಗಿಸಲು ಬೀದಿಗೆ ಸೈನ್ಯ ಇಳಿಯಿತು. ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟು ಈ ಕಾಯ್ದೆ ಸಂವಿಧಾನಬಾಹಿರ ಎಂದಿತು. 1859ರಲ್ಲಿ ದೇಶದ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಅಂದರೆ ಆಗ ರಾಜ್ಯದ ಹಕ್ಕು ಹಿಡಿದು ನಿಂತವರು ಉತ್ತರದವರು. ಕೇಂದ್ರದ ಲಾಠಿ ಬೇಕೆಂದವರು ದಕ್ಷಿಣದವರು. 1860ರ ಡಿಸೆಂಬರಿನಲ್ಲಿ ಒಕ್ಕೂಟ ಬಿಟ್ಟ ಸೌತ್ ಕ್ಯಾರೊಲಿನಾ ತನ್ನ ಕಾರಣಪತ್ರದಲ್ಲಿ ತೋಡಿಕೊಂಡ ದೊಡ್ಡ ದೂರು, ಉತ್ತರದ ರಾಜ್ಯಗಳು ಓಡಿಬಂದವರನ್ನು ಹಿಡಿದುಕೊಡುತ್ತಿಲ್ಲ ಎಂಬುದೇ.

ಹಾಗಾದರೆ ಕೇಂದ್ರವೇನು ದುರ್ಬಲರ ಬಂಧುವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪ್ಪಿಯ ಆಚೆಗೆ ಅಟ್ಟುವ ಕಾನೂನು ಮಾಡಿದ್ದೂ, 1942ರಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದೂ ಕೇಂದ್ರವೇ. ಕೇಂದ್ರ ಒಳ್ಳೆಯದೆಂದು ನನ್ನ ವಾದವಲ್ಲ. ಅಧಿಕಾರ ಎಲ್ಲಿರಬೇಕೆಂಬ ಜಗಳದ ಅಡಿಯಲ್ಲಿ, ಅದು ಯಾರ ಮೇಲೆ ಬೀಳಬೇಕೆಂಬ ಜಗಳ ಅಡಗಿತ್ತು ಎಂದಷ್ಟೇ ನಾನು ಹೇಳುತ್ತಿರುವುದು. ಅಂತರ್ಯುದ್ಧ ಮುಗಿದ ಮೇಲೆ, 1871ರಲ್ಲಿ, ಅಧ್ಯಕ್ಷ ಗ್ರ್ಯಾಂಟ್ ಸೌತ್ ಕ್ಯಾರೊಲಿನಾದ ಒಂಬತ್ತು ಕೌಂಟಿಗಳಲ್ಲಿ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಹಕ್ಕನ್ನೇ ಅಮಾನತಿನಲ್ಲಿಟ್ಟು, ಕರಿಯರನ್ನು ಹಿಂಸಿಸುತ್ತಿದ್ದ ಕೂ ಕ್ಲಕ್ಸ್ ಕ್ಲ್ಯಾನ್ ಎಂಬ ಗುಂಪಿನ ಬೆನ್ನು ಮುರಿದ. ಕಠಿಣ ಕ್ರಮ, ನಿಜ. ಆದರೆ 1877ರಲ್ಲಿ ದಕ್ಷಿಣದಲ್ಲಿ ಕೇಂದ್ರದ ಸೈನ್ಯದ ಆಸರೆ ತಪ್ಪಿದ ಮೇಲೆ ಕರಿಯರ ಮತದ ಹಕ್ಕಿಗೆ ಏನಾಯಿತೆಂದು ನೋಡಿದರೆ ಅದರ ಅಗತ್ಯ ತಿಳಿಯುತ್ತದೆ. ಅಕ್ಷರ ಪರೀಕ್ಷೆ, ಮತದಾನದ ತೆರಿಗೆ ಎಂದು ರಾಜ್ಯಗಳು ಒಂದೊಂದೇ ಬೇಲಿ ಹಾಕುತ್ತ ಹೋದವು. ಎಂಬತ್ತು ವರ್ಷ ಕಳೆದು 1957ರಲ್ಲಿ, ಅರ್ಕಾನ್ಸಾಸ್‌ನ ಗವರ್ನರ್ ಫಾಬಸ್ ಒಂಬತ್ತು ಕರಿಯ ವಿದ್ಯಾರ್ಥಿಗಳನ್ನು ಲಿಟಲ್ ರಾಕ್‌ನ ಬಿಳಿಯರ ಶಾಲೆಗೆ ಬಿಡಬಾರದೆಂದು ರಾಜ್ಯದ ಸೇನಾಪಡೆಯಾದ ನ್ಯಾಷನಲ್ ಗಾರ್ಡನ್ನು ನಿಲ್ಲಿಸಿದ. ಅಧ್ಯಕ್ಷ ಐಸೆನ್‌ಹೋವರ್ ಅದೇ ಗಾರ್ಡನ್ನು ಕೇಂದ್ರದ ವಶಕ್ಕೆ ತೆಗೆದುಕೊಂಡು, ಸೈನ್ಯದ 101ನೇ ಏರ್‌ಬೋರ್ನ್ ಡಿವಿಷನ್ನಿನ ಸೈನಿಕರ ಕಾವಲಿನಲ್ಲಿ ಆ ಮಕ್ಕಳನ್ನು ಒಳಗೆ ಕಳಿಸಿದ. ಮರುವರ್ಷ ಫಾಬಸ್ ಆ ಊರಿನ ಸರ್ಕಾರಿ ಹೈಸ್ಕೂಲುಗಳನ್ನೇ ಇಡೀ ವರ್ಷ ಮುಚ್ಚಿಸಿದ, ಬಿಳಿಯರ ಮಕ್ಕಳಿಗೂ ಸೇರಿಸಿ.