ಹಿತ್ತಲ ಮಲ್ಲಿಗೆ ಯಾರ ಮುಡಿಗೆ?



ಯುಗಾದಿ ಬಂತೆಂದರೆ ಬೆಳಗಾವಿಯ ಮನೆ ಹಿತ್ತಲಲ್ಲಿ ಮಲ್ಲಿಗೆ ಮೊಗ್ಗು ಕಾಣುತ್ತದೆ. ಅದು ಸುಮ್ಮನೆ ಬರುವುದಿಲ್ಲ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ಟೊಂಗೆ ಸವರಿ, ಬುಡಕ್ಕೆ ಸಗಣಿ ಗೊಬ್ಬರ ಹಾಕಿದ ಗಿಡ ಮಾರ್ಚ್‌ನಿಂದ ತುಂಬಿ ಹೂ ಕೊಡುತ್ತದೆ. ಬೇಸಿಗೆಯಲ್ಲಿ ಅಕ್ಕಿ, ಕಾಯಿಪಲ್ಲೆ ತೊಳೆದ ನೀರನ್ನೂ ಹಾಕಬಹುದು. ಮುಂಜಾನೆ ಮೊಗ್ಗು ಬಿಡಿಸಿ ಕಟ್ಟಿಟ್ರೆ ಸಂಜೆಗೆ ಮಾಲೆಯಲ್ಲೇ ಅರಳುತ್ತದೆ.

ಖಾನಾಪುರ ಕಡೆಯ ಒಂದು ಸಂಘದಲ್ಲಿ ಒಬ್ಬ ಅಕ್ಕ ಹೀಗೇ ಹೂ ಬೆಳೆದು ಸಭೆಗೆ ತರ್ತಿದ್ರು. ಎಲ್ಲರಿಗೂ ಒಂದೊಂದು ತುಂಡು ಕೊಟ್ಟು, ತಾವು ಮಾತ್ರ ಬರಿದಲೆಯಲ್ಲಿ ಹಿಂದೆ ಕೂಡ್ತಿದ್ರು. ಗಂಡ ತೀರಿಕೊಂಡವರು ಹೂ ಮುಡಿಯಬಾರದಂತೆ! ಅವರ ಉಳಿತಾಯದ ಹಣ ಬೇಕು, ಅವರು ಬೆಳೆದ ಹೂ ಬೇಕು, ಅವರ ಮುಡಿಯಲ್ಲಿ ಹೂ ಮಾತ್ರ ಬೇಡವೇ? ನಾವೂ ಅಂದು ನೋಡಿ ಸುಮ್ಮನಿದ್ದೆವು. ಅದು ನಮ್ಮ ತಪ್ಪು.

ನೆರೆಯ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮಸಭೆ 2022ರ ಮೇ 4ರಂದು ಠರಾವು ಮಾಡಿತು: ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸುವುದು, ಬಳೆ ಒಡೆಯುವುದು ನಿಲ್ಲಬೇಕು. ಇಡೀ ಊರಿಗೆ ಸಾಧ್ಯವಾದದ್ದು ಇಪ್ಪತ್ತು ಜನರ ಸಂಘಕ್ಕೆ ಆಗದೇ?

ಒತ್ತಾಯ ಬೇಡ. ಮುಡಿಯೋದು, ಬಿಡೋದು ಅವರ ಇಷ್ಟ. ಆದರೆ ಮುಂದಿನ ಸಭೆಯಲ್ಲಿ ಅಂಥ ಅಕ್ಕನನ್ನು ನಮ್ಮ ಪಕ್ಕದಲ್ಲೇ ಕೂಡಿಸಿಕೊಳ್ಳೋಣ. ಮೊದಲ ತುಂಡು ಹೂವನ್ನು, ಗಿಡಕ್ಕೆ ನೀರೆರೆದ ಆ ಕೈಗೇ ಕೊಡೋಣ.