ಡಿಸ್ನಿ ಊರಿನ ಸಾಲ ಯಾರು ತೀರಿಸ್ತಾರೆ?

ಒಂದು ಸರ್ಕಾರಿ ಸಂಸ್ಥೆಯನ್ನ ಮುಚ್ಚೋದು ಅಂದ್ರೆ ಒಂದು ಸಹಿ ಹಾಕಿದ್ರೆ ಮುಗೀತು ಅಂತ ನೀವು ಅಂದ್ಕೊಂಡಿರಬಹುದು. ಅದು ಅಷ್ಟು ಸುಲಭ ಅಲ್ಲ ಅನ್ನೋದಕ್ಕೆ ಇವತ್ತು ಅಮೆರಿಕದ ಒಂದು ಕಥೆ ಹೇಳ್ತೀನಿ. ಇದರಲ್ಲಿ ಮಿಕ್ಕಿ ಮೌಸ್ ಕೂಡ ಬರ್ತಾನೆ.

ಅಮೆರಿಕದಲ್ಲಿ 'ಸ್ಪೆಷಲ್ ಡಿಸ್ಟ್ರಿಕ್ಟ್' ಅಂತ ಇರುತ್ತೆ. ಹೆಸರು ಕೇಳಿ ನಮ್ಮ ಜಿಲ್ಲೆ ಥರ ಅಂದ್ಕೋಬೇಡಿ. ಇದು ಹೆಚ್ಚಾಗಿ ಒಂದೇ ಕೆಲಸಕ್ಕೆ ಹುಟ್ಟಿದ ಪುಟ್ಟ ಸರ್ಕಾರ. ನೀರು ಕೊಡೋಕೆ ಒಂದು, ಬೆಂಕಿ ಆರಿಸೋಕೆ ಒಂದು, ಆಸ್ಪತ್ರೆಗೆ ಒಂದು, ಸೊಳ್ಳೆ ನಿಯಂತ್ರಣಕ್ಕೂ ಒಂದು! 2022ರ ಸರ್ಕಾರಿ ಗಣತಿಯ ಪ್ರಕಾರ ಇಂಥವು 39 ಸಾವಿರಕ್ಕೂ ಹೆಚ್ಚು ಇವೆ. ಇವಕ್ಕೆ ತಮ್ಮದೇ ಆಡಳಿತ ಮಂಡಳಿ ಇರುತ್ತೆ. ತುಂಬಾ ಕಡೆ ಇವು ತೆರಿಗೆ ಹಾಕಬಹುದು, ಬಾಂಡ್ ಮಾರಿ ಸಾಲ ಎತ್ತಬಹುದು.

ಫ್ಲಾರಿಡಾದ ಡಿಸ್ನಿ ವರ್ಲ್ಡ್ ಇರೋ ಜಾಗಕ್ಕೂ 1967ರಲ್ಲಿ ಇಂಥದ್ದೊಂದು ಸಂಸ್ಥೆ ಹುಟ್ಟಿತು. ಹೆಸರು ರೀಡಿ ಕ್ರೀಕ್. ಆರೆಂಜ್ ಮತ್ತು ಆಸಿಯೋಲಾ ಅನ್ನೋ ಎರಡು ಕೌಂಟಿಗಳಲ್ಲಿ ಸುಮಾರು 25 ಸಾವಿರ ಎಕರೆ. ರಸ್ತೆ, ಚರಂಡಿ, ವಿದ್ಯುತ್, ಅಗ್ನಿಶಾಮಕ ಎಲ್ಲಾ ಅದೇ ನೋಡ್ಕೋತಿತ್ತು. ಮಂಡಳಿಯನ್ನು ಆರಿಸ್ತಿದ್ದವರು ಅಲ್ಲಿನ ಭೂಮಾಲೀಕರು. ಅಲ್ಲಿನ ಬಹುಪಾಲು ಭೂಮಿ ಡಿಸ್ನಿಯದ್ದೇ. ಮುಂದೆ ಏನು ಅಂತ ನಿಮಗೇ ಗೊತ್ತಾಗುತ್ತೆ.

2022ರಲ್ಲಿ ಫ್ಲಾರಿಡಾ ಒಂದು ಕಾನೂನು ತಂತು. ಲೈಂಗಿಕ ಅಭಿರುಚಿ, ಲಿಂಗ ಗುರುತಿನ ಬಗ್ಗೆ ಶಾಲೆಗಳಲ್ಲಿ ಪಾಠ ಮಾಡೋದಕ್ಕೆ ಅದು ಕಡಿವಾಣ ಹಾಕಿತು. ಡಿಸ್ನಿ ಅದನ್ನು ವಿರೋಧಿಸಿತು. ಸ್ವಲ್ಪ ದಿನದಲ್ಲೇ, ಏಪ್ರಿಲ್‌ನಲ್ಲಿ, ಗವರ್ನರ್ ರಾನ್ ಡಿಸ್ಯಾಂಟಿಸ್ ಇನ್ನೊಂದು ಕಾನೂನಿಗೆ ಸಹಿ ಹಾಕಿದರು. ಅದರ ಪ್ರಕಾರ 2023ರ ಜೂನ್ 1ಕ್ಕೆ ರೀಡಿ ಕ್ರೀಕ್ ರದ್ದು.

ಆಗ ಎದ್ದ ಪ್ರಶ್ನೆ ಒಂದೇ: ಸಾಲದ ಗತಿ ಏನು? ರೀಡಿ ಕ್ರೀಕ್ ತಲೆ ಮೇಲೆ ಸುಮಾರು 100 ಕೋಟಿ ಡಾಲರ್ ಬಾಂಡ್ ಸಾಲ ಇತ್ತು. ಫ್ಲಾರಿಡಾ ಕಾನೂನಿನಂತೆ ಇಂಥ ಸಂಸ್ಥೆ ರದ್ದಾದ್ರೆ ಅದರ ಆಸ್ತಿಯ ಜೊತೆ ಸಾಲವೂ ಸ್ಥಳೀಯ ಸರ್ಕಾರಕ್ಕೆ ಹೋಗುತ್ತೆ. ಅಂದ್ರೆ ಕೌಂಟಿಗಳ ಹೆಗಲಿಗೆ. ಅಲ್ಲೀವರೆಗೆ ಅಲ್ಲಿನ ಅಗ್ನಿಶಾಮಕ, ರಸ್ತೆ ಖರ್ಚಿಗೆ ಡಿಸ್ನಿ ಹೆಚ್ಚುವರಿ ತೆರಿಗೆ ಕಟ್ತಿತ್ತು. ಇನ್ಮೇಲೆ ಆ ಹೊರೆ ಪಕ್ಕದ ಬೀದಿಯ ಸಾಮಾನ್ಯ ಮನೆಯವರ ಆಸ್ತಿ ತೆರಿಗೆಗೆ ಬೀಳಬಹುದು ಅನ್ನೋ ಆತಂಕ ಶುರುವಾಯ್ತು. ಗಮನಿಸಿ, ಮುಚ್ಚೋ ತೀರ್ಮಾನ ಮಾಡಿದ್ದು ರಾಜ್ಯ, ಬಿಲ್ ಬರ್ತಿದ್ದದ್ದು ಕೌಂಟಿಗೆ.

ಇದರ ಜೊತೆ, ಸಾಲ ತೀರುವವರೆಗೂ ಈ ಸಂಸ್ಥೆಯ ಅಧಿಕಾರ ಮೊಟಕು ಮಾಡಲ್ಲ ಅಂತ 1967ರ ಕಾನೂನಿನಲ್ಲೇ ಬಾಂಡ್ ಕೊಂಡವರಿಗೆ ರಾಜ್ಯ ಮಾತು ಕೊಟ್ಟಿತ್ತು.

ಕೊನೆಗೆ 2023ರ ಫೆಬ್ರವರಿಯಲ್ಲಿ ರಾಜ್ಯ ದಾರಿ ಬದಲಿಸಿತು. ಸಂಸ್ಥೆಯನ್ನು ಮುಚ್ಚಲಿಲ್ಲ. ಹೆಸರು ಬದಲಾಯಿಸಿತು, ಮಂಡಳಿಯ ಐದೂ ಸದಸ್ಯರನ್ನು ಗವರ್ನರ್ ನೇಮಿಸೋ ಹಾಗೆ ಮಾಡಿತು. ಸಾಲ ಮಾತ್ರ ಇದ್ದಲ್ಲೇ ಉಳೀತು.

ಹಾಗಾದ್ರೆ ಸರಿಯಾಗಿ ಮುಚ್ಚೋದು ಹೇಗೆ? ಕ್ಯಾಲಿಫೋರ್ನಿಯಾ ನೋಡಿ. 1963ರಿಂದ ಅಲ್ಲಿ ಇದಕ್ಕಂತಲೇ ಕೌಂಟಿ ಮಟ್ಟದ ಆಯೋಗಗಳಿವೆ. ನಗರ ಮತ್ತು ಕೌಂಟಿಯ ಪ್ರತಿನಿಧಿಗಳು ಅದರಲ್ಲಿ ಕೂರ್ತಾರೆ. ಮೊದಲು ಅಧ್ಯಯನ, ಆಮೇಲೆ ಬಹಿರಂಗ ವಿಚಾರಣೆ. ಕಾಂಟ್ರಾ ಕೋಸ್ಟಾ ಕೌಂಟಿಯ ಮೌಂಟ್ ಡಯಾಬ್ಲೋ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ತನ್ನ ಆಸ್ಪತ್ರೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿತ್ತು. ಆದರೂ ಆಸ್ತಿ ತೆರಿಗೆಯ ಪಾಲು ಬರ್ತಾನೇ ಇತ್ತು! 2012ರಲ್ಲಿ ಆಯೋಗ ಅದನ್ನು ಕಾಂಕಾರ್ಡ್ ನಗರದ ಕೈಗೆ ಒಪ್ಪಿಸಿತು. ನಗರಸಭೆಯವರೇ ಅದರ ಮಂಡಳಿ ಆದರು.

ಎರಡೂ ಕಡೆ ನನಗೆ ಕಾಣೋದು ಒಂದೇ. ಸಂಸ್ಥೆಯ ಬೋರ್ಡ್ ಇಳಿಸಬಹುದು, ಆದರೆ ಅದರ ಕೆಲಸ, ಆಸ್ತಿ, ಸಾಲ ಎಲ್ಲಾದರೂ ಹೋಗಲೇಬೇಕು. 'ಮುಚ್ಚಿಬಿಡ್ತೀವಿ' ಅಂತ ಯಾವ ನಾಯಕರಾದರೂ ಹೇಳಿದಾಗ ಚಪ್ಪಾಳೆ ತಟ್ಟೋ ಮೊದಲು ಕೇಳಿ: ನಾಳೆ ಬೆಂಕಿ ಬಿದ್ರೆ ಯಾರು ಬರ್ತಾರೆ, ಸಾಲ ಯಾರು ಕಟ್ತಾರೆ, ಕಟ್ಟೋರನ್ನ ಕೇಳಿದ್ದೀರಾ?