ಮೊಬೈಲಿನಲ್ಲಿ ವಿಡಿಯೋ ಹಾಕುವ ನಮ್ಮವರಿಗೆ
(ತೋಟ ಕಾರ್ಮಿಕರ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಲೈನುಗಳಲ್ಲಿ ಸೋರದ ಮನೆ ಹುಡುಕುವುದು ಕಷ್ಟ, ಮೊಬೈಲ್ ಇಲ್ಲದ ಮನೆ ಹುಡುಕುವುದು ಇನ್ನೂ ಕಷ್ಟ. ಹುಡುಗರು ಭಕ್ತಿಗೀತೆ ಹಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಕೆಲವು ಹಿರಿಯರು ಇದೆಲ್ಲ ಸೈತಾನನ ಪೆಟ್ಟಿಗೆ ಎನ್ನುತ್ತಾರೆ. ನಾನು ಹಾಗೆ ಹೇಳಲಾರೆ. 2006ರಲ್ಲಿ 15ನೇ ವಯಸ್ಸಿಗೇ ತೀರಿಕೊಂಡ ಇಟಲಿಯ ಹುಡುಗ ಕಾರ್ಲೊ ಅಕ್ಯುಟಿಸ್ ಪರಮಪ್ರಸಾದದ ಅದ್ಭುತಗಳ ವಿವರ ಕೂಡಿಸಿ ಇಂಟರ್ನೆಟ್ಟಿನಲ್ಲಿ ಇಟ್ಟವನು. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಅವನನ್ನು ಸಂತನೆಂದು ಸಾರಿದರು. ಯಂತ್ರದ ಮೇಲೆ ನನಗೆ ದೂರಿಲ್ಲ. ದೂರು ನನ್ನ ಮೇಲೆಯೇ.

ಎರಡು ವರ್ಷದ ಹಿಂದೆ ಮಳೆ ಹಿಡಿದು ಕೆಲಸ ನಿಂತಾಗ ನಾವು ಅಕ್ಕಿ ಹಂಚಿದೆವು. ನಮ್ಮ ಲೈನಿನ ಒಬ್ಬ ಅಕ್ಕ ಚೀಲ ಹಿಡಿದಾಗ, "ಅಕ್ಕಾ, ಸ್ವಲ್ಪ ಈ ಕಡೆ ನೋಡಿ" ಎಂದೆ. ಅವರು ನೋಡಿದರು. ಹಿಂದೆ ಒಂದು ಹಾಡು ಸೇರಿಸಿ ಹಾಕಿದೆ. ಎಷ್ಟು ಜನ ನೋಡಿದರೆಂದು ರಾತ್ರಿಯೆಲ್ಲ ಎದ್ದೆದ್ದು ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ.

ಆಗ ಅವರ ಮಗಳಿಗೆ ಸಂಬಂಧ ಕೂಡಿಬಂದಿತ್ತು. ಗಂಡಿನ ಕಡೆಯವರಿಗೂ ಆ ವಿಡಿಯೋ ಮುಟ್ಟಿತು. ಧರ್ಮದ ಅಕ್ಕಿ ತಿನ್ನುವ ಮನೆ ಎಂದು ಮಾತು ಮುರಿದರು. ಎಲೆ ತೂಗುವ ಕಡೆ ಅಕ್ಕ ನನ್ನನ್ನು ನಿಲ್ಲಿಸಿ, "ಉಪದೇಶಿಯವರೇ, ನಿಮ್ಮ ಅಕ್ಕಿ ಮೂರು ವಾರಕ್ಕೆ ಮುಗಿಯಿತು. ನಿಮ್ಮ ಚಿತ್ರ ಇನ್ನೂ ಮುಗಿದಿಲ್ಲ" ಎಂದರು. ಅಳಿಸಿದೆ. ಆದರೆ ಬೇರೆಯವರ ಫೋನಿಗೆ ಹೋದದ್ದನ್ನು ಹೇಗೆ ಅಳಿಸಲಿ? ಐದು ತಿಂಗಳು ಅವರು ಪೂಜೆಗೆ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆ. ಚಹಾ ಕೊಟ್ಟರು, ಮಾತಾಡಲಿಲ್ಲ.

ದಾನ ಕೊಡುವಾಗ ತುತ್ತೂರಿ ಊದಬೇಡಿ ಎಂದು ಯೇಸುಸ್ವಾಮಿ ಹೇಳಿದ್ದನ್ನು ಪ್ರತಿವರ್ಷ ಮಕ್ಕಳಿಗೆ ಕಲಿಸುವವನು ನಾನು! ಒಳ್ಳೆಯ ಸಮಾರಿಯದವನ ಕಥೆಯಲ್ಲಿ ದಾರಿಯಲ್ಲಿ ಬಿದ್ದಿದ್ದವನ ಹೆಸರೂ ನಮಗೆ ಗೊತ್ತಿಲ್ಲ, ಎತ್ತಿದವನ ಹೆಸರೂ ಗೊತ್ತಿಲ್ಲ.

ಇನ್ನು ಬಂದದ್ದನ್ನೆಲ್ಲ ಮುಂದೆ ತಳ್ಳುವವರಿಗೆ ಒಂದು ಮಾತು. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳುಸುದ್ದಿ ನಂಬಿ ಜನ ಐವರನ್ನು ಹೊಡೆದು ಕೊಂದರು. ಅವರು ಊರೂರು ತಿರುಗಿ ಬೇಡಿ ಬದುಕುವ ಬಡವರು, ಸೊಲ್ಲಾಪುರ ಜಿಲ್ಲೆಯವರೂ ಇದ್ದರು. ಅದೇ ತಿಂಗಳು ವಾಟ್ಸಾಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವಂತೆ ಕಟ್ಟು ಹಾಕಿತು. ಸುಳ್ಳುಸಾಕ್ಷಿ ಹೇಳಬಾರದೆಂಬ ಕಟ್ಟಳೆ ನಮಗೆ ಮೋಶೆಯ ಕಾಲದಿಂದ ಉಂಟು.

ಹಾಗೆಂದು ಸುಮ್ಮನಿರಿ ಎನ್ನುವುದಿಲ್ಲ. ಮಾಡು ಸೋರುತ್ತಿದ್ದರೆ, ಚರಂಡಿ ಕಟ್ಟಿದ್ದರೆ ಚಿತ್ರ ತೆಗೆಯಿರಿ, ತಾರೀಖು ಬರೆಯಿರಿ, ಮೊದಲು ಯೂನಿಯನ್ನಿಗೆ ಕೊಡಿ. ಮನೆಯ ಹೆಂಗಸಿನ ಮುಖ ಬೇಡ. ಮರುದಿನ ಬೆಳಿಗ್ಗೆ ಮೇಸ್ತ್ರಿಯ ಮುಂದೆ ನಿಲ್ಲುವವರು ಅವರು, ನೀವಲ್ಲ. ಯೂಟ್ಯೂಬಿನಲ್ಲಿ ಹಣ ಬರುತ್ತದೆಂದು ಪ್ರಾರ್ಥನೆಯಿಂದ ಸಕ್ಕರೆ ಕಾಯಿಲೆ ಮಾಯ ಎಂದೆಲ್ಲ ತಲೆಬರಹ ಹಾಕುವ ತಮ್ಮಂದಿರು, ಅದನ್ನು ನಂಬಿ ಮಾತ್ರೆ ಬಿಡುವವಳು ತಮ್ಮ ತಾಯಿಯೇ ಆಗಿರಬಹುದೆಂದು ನೆನೆಯಿರಿ.

ಮುಂದಿನ ತಿಂಗಳು ಮತ್ತೆ ಅಕ್ಕಿ ಹಂಚುವುದಿದೆ. ಫೋಟೋ ಇಲ್ಲ. ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಸಾಕು. ಆ ಪುಸ್ತಕ ನನ್ನ ಬಳಿ ಇರುತ್ತದೆ, ಲೆಕ್ಕ ಕೇಳುವವರು ಬಂದು ನೋಡಬಹುದು.